ಎರಡನೆಯ ಕಾಲಂ

ಗಾಜಿನ ಮುಚ್ಚಳ ತನ್ನದೇ ಫ್ಲಾಸ್ಕಿನ ಕುತ್ತಿಗೆಯಲ್ಲಿ ಕೂರುವಾಗ ಸದ್ದು ಮಾಡುವುದಿಲ್ಲ. ಕಾಲು ಸುತ್ತು ತಿರುಗಿಸಿದರೆ ಉಜ್ಜಿದ ಗಾಜು ಉಜ್ಜಿದ ಗಾಜನ್ನು ಹಿಡಿದುಕೊಂಡದ್ದು ಬೆರಳಿಗೆ ಗೊತ್ತಾಗುತ್ತದೆ, ಅಷ್ಟೆ. ಗುರುವಾರ ರಾತ್ರಿ ಎರಡು ದಾಟಿದ ಮೇಲೆ ಅನುರಾಧಾಳ ಬೆರಳಿನ ಕೆಳಗೆ ಕಿಟ್ ಎಂದು ಸಣ್ಣದೊಂದು ಸದ್ದು ಬಂತು. ವಡೋದರಾದ ಮಕರಪುರದಲ್ಲಿರುವ ಆ ಲ್ಯಾಬ್ ಶೆಡ್ಡಿನಲ್ಲಿ ಆಗ ಅವಳ ಹೊರತು ಯಾರೂ ಇರಲಿಲ್ಲ. ಗೋಡೆಯಾಚೆ ಕೆಂಪು ಮಣ್ಣನ್ನು ಆಸಿಡ್ಡಿನಲ್ಲಿ ಕಲಕುವ ಯಂತ್ರ ಒಂದೇ ಸಮನೆ ತಿರುಗುತ್ತಿತ್ತು. ಅದು ಇಪ್ಪತ್ತನಾಲ್ಕು ಗಂಟೆ ತಿರುಗಬೇಕು, ನಾಲ್ಕು ಗಂಟೆಗೊಮ್ಮೆ ಯಾರಾದರೂ ಒಂದು ಬಾಟಲಿಯಷ್ಟು ತೆಗೆದು ನೋಡಬೇಕು. ಆ ರಾತ್ರಿಯ ಸರದಿ ಅವಳದು. ಸದ್ದು ಕೇಳಿ ಅವಳು ಎರಡು ಕ್ಷಣ ನಿಂತಳು. ಆಮೇಲೆ, ಏನೂ ಕೇಳದವಳ ಹಾಗೆ, ಫ್ಲಾಸ್ಕನ್ನು ತಲೆಕೆಳಗು ಮಾಡಿ ಹತ್ತು ಸಲ ಅಲ್ಲಾಡಿಸಿದಳು.

ಪ್ರತಿ ಫ್ಲಾಸ್ಕಿಗೂ ಅದರದೇ ಮುಚ್ಚಳವನ್ನು ಬಿಳಿ ದಾರದಿಂದ ಕಟ್ಟಿಡಬೇಕೆಂಬುದು ಲ್ಯಾಬಿನ ಮುಖ್ಯಸ್ಥ ಉಮಾಕಾಂತ ಸರ್ ಮಾಡಿದ ನಿಯಮ. ಗುಜರಾತಿ ಹುಡುಗಿಯರು ಅದನ್ನು ಸರ್ ಕಟ್ಟಿಸಿದ ಮಂಗಳಸೂತ್ರ ಎಂದು ನಗುತ್ತಿದ್ದರು, ನಗುತ್ತಲೇ ಕಟ್ಟುತ್ತಿದ್ದರು. ಆ ವಾರ ಎರಡು ಫ್ಲಾಸ್ಕುಗಳ ದಾರ ಆಸಿಡ್ ತಗಲಿ ತುಂಡಾಗಿತ್ತು. ಒಂದರಲ್ಲಿ, ಲೋಹ ಅಳೆಯುವ ಯಂತ್ರಕ್ಕೆ ಅಳತೆ ಕಲಿಸಲು ಇಟ್ಟ ಸ್ಕ್ಯಾಂಡಿಯಂ ಲೋಹದ ಗಟ್ಟಿ ದ್ರಾವಣ; ಇನ್ನೊಂದು ಖಾಲಿ, ಅವಳು ಸ್ಯಾಂಪಲ್ಲಿಗೆಂದು ಎತ್ತಿಕೊಂಡದ್ದು. ಮುಚ್ಚಳಗಳೆರಡೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿದ್ದವು. ಹೊಸ ದಾರ ಅವಳ ಕೋಟಿನ ಜೇಬಿನಲ್ಲೇ ಇತ್ತು. ಅದಾದ ಮೇಲೆ ಯಂತ್ರ 0.71 ಎಂದು ತೋರಿಸಿತು. ಮಣ್ಣಿನಲ್ಲಿದ್ದ ಸ್ಕ್ಯಾಂಡಿಯಂ ಪೂರ್ತಿ ಕರಗಿ ಬಂದಿದ್ದರೆ 0.82 ತೋರಿಸಬೇಕು, ಎಂದರೆ ನೂರಕ್ಕೆ ಎಂಬತ್ತೇಳು ಬಂದಿದೆ. ಎರಡು ವರ್ಷದಿಂದ ಅರವತ್ತರ ಆಸುಪಾಸಿನಲ್ಲೇ ನರಳುತ್ತಿದ್ದ ಅಂಕಿ ಅದು. ಒಂದೇ ಬಾಟಲಿಯಿಂದ ಎರಡು ಬೇರೆ ಬೇರೆ ಫ್ಲಾಸ್ಕು ತಯಾರಿಸಿ, ಎರಡನ್ನೂ ಓದಿಸಿ, ಪುಸ್ತಕದ ಎರಡು ಕಾಲಂಗಳಲ್ಲಿ ಬರೆಯಬೇಕು ಎಂಬುದು ಸರ್ ಮಾಡಿದ ಇನ್ನೊಂದು ನಿಯಮ. ಅವಳು ಎರಡನೆಯ ಫ್ಲಾಸ್ಕು ಮಾಡಲಿಲ್ಲ. ಕಾಲು ನೋಯುತ್ತಿತ್ತು, ಆರು ಗಂಟೆಗೆ ಮತ್ತೊಂದು ಬಾಟಲಿ ತೆಗೆಯುವುದಿತ್ತು, ಅಂಕಿ ಚೆನ್ನಾಗಿತ್ತು. ಅದೇ ಫ್ಲಾಸ್ಕನ್ನೇ ಇನ್ನೊಮ್ಮೆ ಓದಿಸಿದಳು. ಯಂತ್ರ ವಿಧೇಯ ವಿದ್ಯಾರ್ಥಿಯಂತೆ ಮತ್ತೆ 0.71 ಎಂದಿತು. ಎರಡನೆಯ ಕಾಲಂನಲ್ಲಿ ಅದನ್ನು ಬರೆದಳು. ಬರೆಯುವಾಗ ಅಕ್ಷರ ಯಾವತ್ತಿಗಿಂತ ದುಂಡಗೆ ಬಂತು.

ಸೋಮವಾರ ಬೆಳಿಗ್ಗೆ ಮಂಜಲ್‌ಪುರದ ಕಮಲಾರವರ ಹೋಟೆಲಿನಲ್ಲಿ ಇಡ್ಲಿಯ ಮುಂದೆ ಕೂತು ಅವಳು ಆ ದುಂಡಗಿನ ಅಕ್ಷರಗಳನ್ನೇ ಯೋಚಿಸುತ್ತಿದ್ದಳು. ಏಳೂವರೆಗೆ ಸರ್ ಕಾರು ತರುತ್ತಾರೆ. ಅಹಮದಾಬಾದಿನ ವಸ್ತ್ರಾಪುರದಲ್ಲಿ ಹನ್ನೊಂದಕ್ಕೆ ಸಮಿತಿ ಕೂರುತ್ತದೆ. ಬಾಕ್ಸೈಟಿನಿಂದ ಅಲ್ಯುಮಿನಾ ತೆಗೆದ ಮೇಲೆ ಉಳಿಯುವ ಕೆಂಪು ಕೆಸರು ಗುಡ್ಡಗಟ್ಟಲೆ ಬಿದ್ದಿರುವ ಕಂಪನಿಯೊಂದು ನೇಮಿಸಿದ ಸಮಿತಿ ಅದು. ಎಪ್ಪತ್ತೈದು ದಾಟಿದ ಅಂಕಿ ತೋರಿಸಿದರೆ ದೊಡ್ಡ ತೊಟ್ಟಿಗಳ ಪ್ರಾಯೋಗಿಕ ಘಟಕ. ಇಲ್ಲವಾದರೆ ಮಾರ್ಚಿಗೆ ಮಕರಪುರದ ಶೆಡ್ಡಿಗೆ ಬೀಗ, ಒಳಗಿನ ಎಂಟು ಜನ ಮನೆಗೆ. ಅನುರಾಧಾ ಆ ಎಂಟು ಜನರಲ್ಲಿ ಒಬ್ಬಳು, ಕಮಲಾರವರ ಮಗಳು ಗಗನಾ ಇನ್ನೊಬ್ಬಳು.

“ಎಂಥ ಮಾರಾಯ್ತಿ, ಇಡ್ಲಿ ನೋಡ್ಲಿಕ್ಕೆ ಕೊಟ್ಟದ್ದಲ್ಲ, ತಿನ್ಲಿಕ್ಕೆ,” ಎಂದು ಕಮಲಾ ಕ್ಯಾಶ್ ಕೌಂಟರಿನಿಂದಲೇ ಹೇಳಿದರು. ಕುಂದಾಪುರದಿಂದ ಬಂದು ಮೂವತ್ತು ವರ್ಷವಾದರೂ ಅವರ ಮಾತು ಕುಂದಾಪುರದಲ್ಲೇ ಇತ್ತು. “ನಮ್ಮ ಗಗನಾ ಹೇಳಿದ್ಲು, ನೀವೇನೋ ದೊಡ್ಡ ನಂಬರ್ ತೆಗೆದಿದ್ದೀರಂತೆ. ಸರ್ ಶುಕ್ರವಾರ ಇಡೀ ಲ್ಯಾಬಿಗೆ ನಮ್ಮಲ್ಲಿಂದ್ಲೇ ಜಿಲೇಬಿ ತರಿಸಿದ್ದು.”

“ಹಂಗೇನಿಲ್ರಿ,” ಎಂದಳು ಅನುರಾಧಾ. ಬೆಳಗಾವಿ ಕಡೆಯ ಅವಳ ಮಾತಿಗೆ ಕಮಲಾ ಯಾವಾಗಲೂ ಸ್ವಲ್ಪ ನಗುತ್ತಿದ್ದರು. ಇವತ್ತೂ ನಕ್ಕರು. ಜಿಲೇಬಿ ಅವಳ ಗಂಟಲಿನಲ್ಲಿ ಇನ್ನೂ ಇದ್ದ ಹಾಗಿತ್ತು. ಶುಕ್ರವಾರ ಬೆಳಿಗ್ಗೆ ಪುಸ್ತಕ ತೆರೆದ ಸರ್ ಮೊದಲು ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು, ಎಲ್ಲರನ್ನೂ ಕರೆದರು. ಗಗನಾಳ ತಲೆಯ ಮೇಲೆ ಕೈಯಿಟ್ಟು, “ಇದು ನಿನ್ನ ಪಾಳಿದೇನವಾ?” ಎಂದರು. ಗಗನಾ ಇಲ್ಲವೆನ್ನಲು ಬಾಯಿ ತೆರೆಯುವ ಮೊದಲೇ ಅನುರಾಧಾ ಹಿಂದಿನಿಂದ ಹೇಳಿಬಿಟ್ಟಿದ್ದಳು: “ನಂದ್ರಿ ಸರ್. ರಾತ್ರಿದು ನಂದು.” ಅವಸರದಲ್ಲಿ ಧ್ವನಿ ಮೇಲಕ್ಕೆ ಹೋಗಿತ್ತು. ನಾಲ್ಕು ವರ್ಷದಲ್ಲಿ ಒಮ್ಮೆಯೂ ತನ್ನದು ಎಂದು ಏನನ್ನೂ ಕೇಳದವಳು, ಆ ಒಂದು ಅಂಕಿಯನ್ನು ಮಾತ್ರ ಬೇರೆಯವರ ತಟ್ಟೆಯಿಂದ ಕಿತ್ತುಕೊಂಡವಳಂತೆ ಕೇಳಿ ಪಡೆದಿದ್ದಳು. ಅದೂ ಆ ಸದ್ದು ಕೇಳಿಸಿಕೊಂಡ ಕಿವಿ ತನ್ನ ತಲೆಗೇ ಅಂಟಿಕೊಂಡಿರುವಾಗ.

ಶನಿವಾರ, ಭಾನುವಾರ ಎರಡು ದಿನ ಅವಳು ಲೆಕ್ಕ ಹಾಕಿದಳು. ಗಟ್ಟಿ ದ್ರಾವಣದ ಮುಚ್ಚಳದ ಬುಡದಲ್ಲಿ ಎಷ್ಟು ಅಂಟಿಕೊಂಡಿರಬಹುದು? ಅರ್ಧ ಹನಿ. ಅರ್ಧ ಹನಿ ಫ್ಲಾಸ್ಕಿಗೆ ಸೇರಿದರೆ ಎಷ್ಟು ಏರುತ್ತದೆ? 0.20. ಎಷ್ಟು ಸಲ ಮಾಡಿದರೂ ಅದೇ ಬಂತು. ಆದರೂ ಲೆಕ್ಕ ಬೇರೆ, ನಡೆದದ್ದು ಬೇರೆ ಎಂದು ಒಂದು ಕಡೆಯ ಮನಸ್ಸು ವಕೀಲನಂತೆ ಹೇಳುತ್ತಿತ್ತು. ಇವತ್ತು ಬೆಳಿಗ್ಗೆ ಐದೂವರೆಗೇ ಶೆಡ್ಡಿಗೆ ಹೋಗಿ, ಗುರುವಾರದ ಬಾಟಲಿಯಿಂದಲೇ ಒಂದಿಷ್ಟನ್ನು ಸಣ್ಣ ಬಾಟಲಿಗೆ ಸುರಿದು, ಅದರ ಮೇಲೆ ಎಕ್ಸ್-4 ಎಂದಷ್ಟೇ ಬರೆದು ಗಗನಾಳ ಮೇಜಿನ ಮೇಲಿಟ್ಟು ಚೀಟಿ ಬರೆದು ಬಂದಿದ್ದಳು: ಫ್ಲಾಸ್ಕು ಮಾಡಿ ಓದಿಸಿ ನನಗೆ ಮೆಸೇಜ್ ಹಾಕು. ಯಾವ ಸ್ಯಾಂಪಲ್ ಎಂದು ಬರೆದಿರಲಿಲ್ಲ.

ಹೊರಗೆ ಹಾರ್ನ್ ಕೇಳಿತು. ಉಮಾಕಾಂತ ಸರ್ ಹೊಸ ಶರಟು ತೊಟ್ಟಿದ್ದರು, ಕಾಲರಿನ ಒಳಗಿನ ಕಾಗದದ ಪಟ್ಟಿ ತೆಗೆದಿರಲಿಲ್ಲ. ಅರವತ್ತಮೂರು ವರ್ಷದ ಮನುಷ್ಯ, ಧಾರವಾಡದವರು, ಹೆಂಡತಿ ತೀರಿಕೊಂಡ ಮೇಲೆ ಬಟ್ಟೆಯ ವಿಷಯ ಹೇಳುವವರು ಯಾರೂ ಇರಲಿಲ್ಲ. ಹೇಳಲೋ ಬೇಡವೋ ಎಂದು ಅವಳು ಯೋಚಿಸುತ್ತಿರುವಾಗಲೇ ಕಾರು ಹೊರಟಿತು. ಒಂದು ಕಾಗದದ ಪಟ್ಟಿಯ ವಿಷಯ ಹೇಳಲಾರದವಳು ಮಿಕ್ಕದ್ದನ್ನು ಹೇಗೆ ಹೇಳುತ್ತೇನೆ ಎಂದುಕೊಂಡಳು.

“ಯಾಕವಾ, ನಿದ್ದಿ ಆಗಿಲ್ಲೇನು?” ಎಂದರು ಸರ್, ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ.

“ಆಗೇದ್ರಿ.”

“ನನಗಂತೂ ಆಗಿಲ್ಲ. ಮೂರು ದಿನದಿಂದ ಕಣ್ಣು ಮುಚ್ಚಿದ್ರ ಎಂಬತ್ತೇಳು ಕಾಣ್ತದ.” ಅವರು ನಕ್ಕರು. “ನಿನಗೊಂದು ಹೇಳ್ಲಿ? ಈ ಅಂಕಿ ನೋಡದ ನಾ ಹೋಗಿಬಿಡ್ತೀನಿ ಅಂತ ಮಾಡಿದ್ದೆ. ಹೋಗೂದಂದ್ರ ಊರಿಗೆ ಮತ್ತ. ಗಾಬರಿ ಆಗಬ್ಯಾಡ.”

ಆಣಂದ ದಾಟುವುದರೊಳಗೆ ಹೇಳುತ್ತೇನೆ ಎಂದುಕೊಂಡಳು. ಆಣಂದದ ಫಲಕ ಬಂತು, ಹೋಯಿತು. ನಡಿಯಾದಿನೊಳಗೆ. ರಸ್ತೆಯ ಬದಿಯಲ್ಲಿ ತಂಬಾಕಿನ ಹೊಲಗಳು ಒಂದರ ಹಿಂದೊಂದು ಸರಿಯುತ್ತಿದ್ದವು, ಮಣ್ಣು ಬೂದಿ ಬಣ್ಣದ್ದು. ಅವಳ ಬಾಲ್ಯದ ಮಣ್ಣು ಕೆಂಪು, ಆದರೆ ಹೊಲದ ಕೆಂಪಲ್ಲ. ಕಾರ್ಖಾನೆಯ ಹಿಂದಿನ ಕೆರೆಯಂಥ ಗುಂಡಿಗೆ ಡಂಪರಿನಲ್ಲಿ ಆ ಕೆಸರನ್ನು ಸಾಗಿಸುವುದು ಅಪ್ಪನ ಕೆಲಸ. ಸಂಜೆ ಬಂದಾಗ ಮೊಳಕಾಲಿನವರೆಗೆ ಕೆಂಪು, ಮದುವೆಯ ಅಲತಿಗೆ ಹಚ್ಚಿಕೊಂಡವರ ಹಾಗೆ. ಅವ್ವ ಅಪ್ಪನ ಬಟ್ಟೆಯನ್ನು ಬೇರೆ ಬಕೀಟಿನಲ್ಲಿ ಒಗೆಯುತ್ತಿದ್ದಳು, ಒಗೆದ ಮೇಲೆ ಅವಳ ಬೆರಳ ಸಂದಿನಲ್ಲಿ ಚರ್ಮ ಒಡೆಯುತ್ತಿತ್ತು, ಆ ಕೆಸರಿನಲ್ಲಿ ಕಾಸ್ಟಿಕ್ ಸೋಡಾ ಇತ್ತಲ್ಲ. ಆರನೆಯ ಇಯತ್ತೆಯಲ್ಲಿ ಅನುರಾಧಾ ಎದ್ದು ಉತ್ತರ ಹೇಳಿ ಕೂರುವಾಗ ಹಿಂದಿನ ಬೆಂಚಿನ ಹುಡುಗಿ ಬೆಂಚಿನ ಮೇಲಿನ ಕೆಂಪು ಕಲೆ ತೋರಿಸಿದ್ದಳು. ಇಡೀ ತರಗತಿ ಅದನ್ನು ಬೇರೆಯದೆಂದು ತಿಳಿದು ನಕ್ಕಿತ್ತು. ಅವಳು ಅದು ಮಣ್ಣು ಎಂದು ಹೇಳಲಿಲ್ಲ. ಮಣ್ಣು ಎಂದರೆ ಅಪ್ಪನ ಕೆಲಸ ಹೇಳಬೇಕಾಗುತ್ತಿತ್ತು. ಆ ದಿನ ಅಪ್ಪನನ್ನು ಕೇಳಿದ್ದಳು, ಆ ರಾಡಿಯೊಳಗ ಏನದ? “ಏನಿಲ್ಲವಾ, ಒಳ್ಳೇದೆಲ್ಲಾ ತಗೊಂಡ ಮ್ಯಾಲ ಉಳದದ್ದು.” ಹೋದ ವರ್ಷ ಫೋನಿನಲ್ಲಿ, ಒಂದು ಟನ್ನಿಗೆ ಎಂಬತ್ತು ಗ್ರಾಂ ಸ್ಕ್ಯಾಂಡಿಯಂ ಇರುತ್ತದೆ, ವಿಮಾನಕ್ಕೆ ಬೇಕಾಗುವಂಥ ಲೋಹ ಎಂದು ಅವಳು ಹೇಳಿದಾಗ ಅಪ್ಪ, “ಅಷ್ಟು ವರ್ಷ ನಾ ಚೆಲ್ಲಿದ್ನಲ್ಲವಾ,” ಎಂದಿದ್ದ. ಅವನನ್ನು ಸಮಾಧಾನ ಮಾಡಲು ಅವಳಿಗೆ ಎಂಬತ್ತೇಳು ಬೇಕಾಗಿತ್ತೇ? ಗುರುವಾರ ರಾತ್ರಿ ಬೆರಳು ಎರಡು ಕ್ಷಣ ನಿಂತು ಮುಂದುವರಿದದ್ದು ಅದಕ್ಕೇ? ಇಂಥ ಕಾರಣಗಳು ತಾವಾಗಿಯೇ ಚೆಂದವಾಗಿ ಹೊಂದಿಕೊಂಡಾಗ ಅವಳಿಗೆ ಸಂಶಯ ಬರುತ್ತಿತ್ತು. ಕಾಲು ನೋಯುತ್ತಿತ್ತು ಎನ್ನುವುದೇ ಹೆಚ್ಚು ನಿಜವಾಗಿ ಕೇಳಿಸುತ್ತಿತ್ತು.

ವಸ್ತ್ರಾಪುರದ ಕೆರೆಯ ಎದುರಿನ ಕಟ್ಟಡದ ಮೂರನೆಯ ಮಹಡಿಯಲ್ಲಿ ಉದ್ದ ಮೇಜು, ಐದು ಜನ. ಅಧ್ಯಕ್ಷೆ ಸೂರತ್ತಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ಕತ್ತರಿಸಿದ ಬಿಳಿ ಕೂದಲು, ಪ್ರತಿಯೊಂದು ಹಾಳೆಯ ಅಂಚಿನಲ್ಲೂ ಪೆನ್ಸಿಲಿನಿಂದ ಏನೋ ಗುರುತು ಮಾಡುತ್ತಿದ್ದರು. ಸರ್ ಇಂಗ್ಲಿಷಿನಲ್ಲಿ ಪರಿಚಯ ಮಾಡಿಕೊಟ್ಟರು: “ಇವರು ಅನುರಾಧಾ, ನಮ್ಮ ಅನಲಿಸ್ಟ್.” ಒಬ್ಬರು ತಲೆಯೆತ್ತದೆ, “ಚಹಾ ಹೇಳ್ತೀರಾ ಬಹೆನ್, ಎಲ್ಲರಿಗೂ?” ಎಂದರು. ಅವಳು ಎದ್ದು ಹೋಗಿ ಹೇಳಿ ಬಂದಳು. ಬರುವಾಗ ಬಾಗಿಲಿನ ಗಾಜಿನಲ್ಲಿ ತನ್ನ ಮುಖ ಕಂಡಿತು, ಚಹಾ ಹೇಳಿ ಬಂದವಳ ಮುಖವೇ. ಅವಮಾನವಾಯಿತೆಂದು ಅನಿಸುವಷ್ಟರಲ್ಲಿ ಒಂದು ಬಗೆಯ ನೆಮ್ಮದಿಯೂ ಆಯಿತು. ಚಹಾ ಹೇಳುವವಳನ್ನು ಯಾರೂ ಏನೂ ಕೇಳುವುದಿಲ್ಲ.

ಸರ್ ಮೊದಲ ಅರ್ಧ ಗಂಟೆ ಕೆಂಪು ಮಣ್ಣಿನ ಬಗ್ಗೆ ಮಾತಾಡಿದರು, ಕಬ್ಬಿಣವನ್ನು ಮೊದಲು ಹೇಗೆ ಬೇರ್ಪಡಿಸುತ್ತೇವೆ, ಉಳಿದದ್ದು ಇಟ್ಟಿಗೆಗೆ ಹೇಗೆ ಹೋಗುತ್ತದೆ, ಆಸಿಡ್ಡನ್ನು ಹೇಗೆ ಮತ್ತೆ ಬಳಸುತ್ತೇವೆ ಎಂದು. ಅಂಕಿಗಳ ಹಾಳೆ ಚಹಾದ ಮೇಲೆ ಎಂದಿತ್ತು. ಚಹಾ ಬಂದಾಗ ಅವಳ ಫೋನು ತೊಡೆಯ ಮೇಲೆ ನಡುಗಿತು. ಗಗನಾ ಬರೆದಿದ್ದಳು: ಎಕ್ಸ್-4, ಎರಡು ಸಲ ಫ್ಲಾಸ್ಕು ಮಾಡಿದೆ ದೀದಿ, 0.51, 0.51. ಕೆಳಗೆ ಒಂದು ನಗುವ ಮುಖ.

ಅರವತ್ತೆರಡು. ಭಾಗಾಕಾರ ಮಾಡುವ ಅಗತ್ಯವೇ ಇರಲಿಲ್ಲ. ಅವಳು ಹೆಂಗಸರ ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು ನಿಂತಳು. ಕೈ ಒದ್ದೆ ಮಾಡಿಕೊಳ್ಳಲಿಲ್ಲ, ನೀರು ಸುಮ್ಮನೆ ಹೋಗುತ್ತಿತ್ತು. ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ಹಾಳೆ ಪರದೆಯ ಮೇಲೆ ಬರುತ್ತದೆ. ಎಕ್ಸ್-4 ಏನೆಂದು ಗಗನಾಗೆ ಗೊತ್ತಿಲ್ಲ. ಬಾಟಲಿಯನ್ನು ಇವತ್ತು ಸಂಜೆಯೇ ಸಿಂಕಿಗೆ ಸುರಿಯಬಹುದು. ಘಟಕ ಕಟ್ಟಲು ಎರಡು ವರ್ಷ ಬೇಕು, ಎರಡು ವರ್ಷದಲ್ಲಿ ಅರವತ್ತೆರಡನ್ನು ನಿಜವಾಗಿಯೇ ಎಂಬತ್ತೇಳಕ್ಕೆ ಒಯ್ಯುವುದು ಅಸಾಧ್ಯವೇನಲ್ಲ. ಎಂಟು ಜನ ಉಳಿಯುತ್ತಾರೆ. ಇಷ್ಟು ಅಚ್ಚುಕಟ್ಟಾಗಿ ಯೋಚಿಸಬಲ್ಲೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಆಗ ಸರ್ ಕಾಲರಿನ ಕಾಗದದ ಪಟ್ಟಿ ನೆನಪಾಯಿತು. ಐದು ಜನರ ಮುಂದೆ ಅದು ಅರ್ಧ ಗಂಟೆಯಿಂದ ಬೆನ್ನ ಹಿಂದೆ ಇಣುಕುತ್ತಿದೆ, ಯಾರೂ ಹೇಳಿಲ್ಲ, ತಾನೂ ಹೇಳಿಲ್ಲ. ನಲ್ಲಿ ನಿಲ್ಲಿಸಿ ಹೊರಗೆ ಬಂದಳು.

ಅವರು ಕಾರಿಡಾರಿನ ಕಿಟಕಿಯ ಬಳಿ ಕೆರೆ ನೋಡುತ್ತ ಒಬ್ಬರೇ ಚಹಾ ಕುಡಿಯುತ್ತಿದ್ದರು.

“ಸರ್, ಒಂದು ಹೇಳಬೇಕಾಗಿತ್ತು.”

“ಹೇಳು.”

“ಗುರುವಾರದ ಅಂಕಿ ಖರೇ ಅಲ್ರಿ.” ಇಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು, ದಾರ ತುಂಡಾಗಿದ್ದು, ಮುಚ್ಚಳ ಅದಲುಬದಲಾಗಿದ್ದು, ಸದ್ದು, ಇವತ್ತಿನ ಎಕ್ಸ್-4, 0.51. ಎರಡನೆಯ ಕಾಲಂನ ವಿಷಯ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಮುಚ್ಚಳ ಬದಲಾದದ್ದು ತಪ್ಪು. ಒಂದೇ ಫ್ಲಾಸ್ಕನ್ನು ಎರಡು ಎಂದು ಬರೆದದ್ದಕ್ಕೆ ಆ ಹೆಸರು ಸಾಲದು. ಅವರೇ ಕೇಳಿದರೆ ಹೇಳುತ್ತೇನೆ ಎಂದುಕೊಂಡಳು.

ಸರ್ ಕೆರೆಯನ್ನೇ ನೋಡುತ್ತಿದ್ದರು. ಚಹಾದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದರ ಕಿವಿಯನ್ನು ತಿರುಗಿಸಿ ನೇರ ಮಾಡಿದರು. “ಗಗನಾಗ ಗೊತ್ತದೇನು?”

“ಇಲ್ರಿ.”

“ಹೂಂ. ಊಟಕ್ಕಿಂತ ಮೊದಲ ಹೇಳಿದಿ, ಛಲೋ ಆತು. ಉಂಡ ಮ್ಯಾಲ ಹೇಳಿದ್ರ ಅವರದು ಉಪ್ಪು ತಿಂದಂಗ ಆಗ್ತಿತ್ತು,” ಎಂದರು. ಅದು ನಗೆಯ ಮಾತೋ ಏನೋ ಅವಳಿಗೆ ತಿಳಿಯಲಿಲ್ಲ. ಮುಖ ಆ ಅಂಕಿ ಬರುವುದಕ್ಕಿಂತ ಮೊದಲಿನ ಮುಖವಾಗಿತ್ತು. ಕೇಳಬಹುದಾಗಿದ್ದ ಪ್ರಶ್ನೆಯನ್ನು ಅವರು ಕೇಳಲಿಲ್ಲ.

ಒಳಗೆ ಹೋಗಿ ಅವರು ಹಾಳೆ ತೋರಿಸಿದರು, ತೋರಿಸಿದ ತಕ್ಷಣವೇ ಲೇಸರಿನ ಚುಕ್ಕೆಯನ್ನು ಕೊನೆಯ ಸಾಲಿನ ಮೇಲೆ ನಿಲ್ಲಿಸಿ, ಈ ಸಾಲನ್ನು ಹೊಡೆದುಹಾಕಿ, ಇದು ತಪ್ಪು, ನಮ್ಮ ಸರಿಯಾದ ಅಂಕಿ ಅರವತ್ತೆರಡು ಎಂದರು. ಮೇಜಿನ ಸುತ್ತ ಕುರ್ಚಿಗಳು ಸರಿದವು. ಒಬ್ಬರು ಕಡತ ಮುಚ್ಚಿದರು. ಹೇಗೆ ತಪ್ಪಾಯಿತು ಎಂದು ಕೇಳಿದಾಗ ಸರ್ ಮುಚ್ಚಳದ ವಿಷಯ ಹೇಳಿದರು, ಪೂರ್ತಿ, ದಾರದ ಸಮೇತ. “ಗುರುವಾರ ರಾತ್ರಿ ನಾನೇ ಲ್ಯಾಬಿಗೆ ಹೋಗಿದ್ದೆ. ಫ್ಲಾಸ್ಕು ಮಾಡಿದ್ದು ನಾನು.”

ಅನುರಾಧಾ ತಲೆಯೆತ್ತಿದಳು. ಅವರು ಅವಳ ಕಡೆ ತಿರುಗಲೇ ಇಲ್ಲ.

ಅಧ್ಯಕ್ಷೆಯ ಪೆನ್ಸಿಲು ಹಾಳೆಯ ಅಂಚಿನಲ್ಲಿ ನಿಂತಿತ್ತು. “ಡಾಕ್ಟರ್, ಮುಚ್ಚಳ ಬದಲಾದದ್ದು ಒಂದು ಫ್ಲಾಸ್ಕಿನದು. ಇಲ್ಲಿ ಎರಡು ಕಾಲಂ ಇವೆ. ಎರಡರಲ್ಲೂ 0.71. ಎರಡನೆಯ ಫ್ಲಾಸ್ಕಿಗೆ ಏನಾಗಿತ್ತು?”

ಅನುರಾಧಾಗೆ ಆರನೆಯ ಇಯತ್ತೆಯ ಬೆಂಚು ನೆನಪಾಯಿತು. ಈಗ ಎದ್ದು ನಿಲ್ಲಬೇಕು ಎಂದು ಕಾಲಿಗೆ ಹೇಳಿದಳು. ಕಾಲು ಕೇಳಲಿಲ್ಲ.

“ಎರಡನೆಯ ಫ್ಲಾಸ್ಕು ಇರಲಿಲ್ಲ,” ಎಂದರು ಸರ್. “ಒಂದನ್ನೇ ಎರಡು ಸಲ ಓದಿಸಿ ಬರೆದೆ. ರಾತ್ರಿ ಬಹಳವಾಗಿತ್ತು. ಅಂಕಿ ನನಗೆ ಬೇಕಾಗಿತ್ತು.”

ಅವರಿಗೆ ಗೊತ್ತಿತ್ತು. ಕಿಟಕಿಯ ಬಳಿ ಕಪ್ಪಿನ ಕಿವಿ ತಿರುಗಿಸುವಾಗಲೇ ಗೊತ್ತಾಗಿತ್ತು, ಇಂಥದು ಗೊತ್ತಾಗದೆ ಇರುವ ಮನುಷ್ಯರಲ್ಲ. ಅವಳ ಒಳಗಿನ ಮಾತು, ಅವಳಿಗೇ ಇನ್ನೂ ಪೂರ್ತಿ ಕೇಳಿಸಿರದ ಮಾತು, ಬೇರೆಯವರ ಬಾಯಿಂದ ಶಾಂತವಾಗಿ, ವ್ಯಾಕರಣಬದ್ಧವಾಗಿ ಹೊರಗೆ ಬಂದಿತ್ತು. ಮೊದಲು ಅವಳಿಗೆ ಅನಿಸಿದ್ದು ಕೃತಜ್ಞತೆಯಲ್ಲ, ಸಿಟ್ಟು. ತನ್ನದನ್ನು ತಾನೇ ಹೇಳುವಷ್ಟು ದೊಡ್ಡವಳಲ್ಲ ಎಂದು ಇವರಿಗೆ ಯಾರು ಹೇಳಿದರು? ಸಿಟ್ಟು ಬಂದಷ್ಟೇ ಬೇಗ ಹೋಯಿತು, ಏಕೆಂದರೆ ಅವಳು ಇನ್ನೂ ಕೂತೇ ಇದ್ದಳು.

ಹಾಗಾದರೆ ಇವತ್ತು ಇದು ಹೊರಗೆ ಬಂದದ್ದು ಹೇಗೆ ಎಂದು ಅಧ್ಯಕ್ಷೆ ಕೇಳಿದರು. “ಅನುರಾಧಾ ಹಿಡಿದರು,” ಎಂದರು ಸರ್. “ಸಂಶಯ ಬಂದು ಅದೇ ಬಾಟಲಿಯಿಂದ ಮತ್ತೆ ಮಾಡಿಸಿದರು. ಸ್ಯಾಂಪಲಿನ ಹೆಸರು ಮುಚ್ಚಿ, ಬೇರೆಯವರ ಕೈಯಲ್ಲಿ. ಚಹಾದ ಹೊತ್ತಿನಲ್ಲಿ ಬಂದು ಹೇಳಿದರು.” ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಐದೂ ಜನ ಅವಳ ಕಡೆ ತಿರುಗಿ ನೋಡಿದರು, ಚಹಾ ಹೇಳಲು ಕಳಿಸಿದ್ದವರೂ ನೋಡಿದರು.

ಘಟಕ ಮಂಜೂರಾಗಲಿಲ್ಲ. ಶೆಡ್ಡಿಗೆ ಬೀಗವನ್ನೂ ಹಾಕಲಿಲ್ಲ. ಒಂದು ಶೆಡ್ಡಿನೊಳಗೆ ಅರವತ್ತೆರಡು ಕೆಟ್ಟದ್ದೇನಲ್ಲ ಎಂದರು ಅಧ್ಯಕ್ಷೆ. ಆರು ತಿಂಗಳು ಕೊಡೋಣ. ಆದರೆ ಇನ್ನು ಮೇಲೆ ಅಂಕಿಗಳಿಗೆ ಸಹಿ ಡಾಕ್ಟರ್ ಅವರದಾಗಬಾರದು. ಅದನ್ನು ಹೇಳುವಾಗ ಅವರು ಪೆನ್ಸಿಲನ್ನು ಕೆಳಗಿಟ್ಟು, ಸರ್ ಮುಖ ನೋಡಿಯೇ ಹೇಳಿದರು, ಆ ಮಟ್ಟಿಗೆ ಮರ್ಯಾದೆ. ಸರ್ ತಲೆಯಾಡಿಸಿದರು. ಹಾಗಾದರೆ ಯಾರು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಹೊತ್ತಿಗೆ ಮೇಜಿನ ಮೇಲೆ ಎಲ್ಲರಿಗೂ ಕಾಣುತ್ತಿತ್ತು. ಅವಳ ಹೆಸರನ್ನು ಅಧ್ಯಕ್ಷೆ ತಾವೇ ಬರೆದುಕೊಂಡರು, ಕಾಗುಣಿತ ಕೇಳಿ.

ವಾಪಸು ಬರುವಾಗ ಮೆಹಮದಾಬಾದಿನ ಹತ್ತಿರ ಸೂರ್ಯ ಸರ್ ಕಡೆಯ ಕಿಟಕಿಯಲ್ಲಿದ್ದ. “ಸರ್, ಆ ಎರಡನೇ ಕಾಲಂ…” ಎಂದಳು ಕೊನೆಗೆ.

“ಮುಂದಿನ ಲಾರಿ ನೋಡವಾ. ಇಂಡಿಕೇಟರ್ ಹಾಕೂದಿಲ್ಲ, ಏನಿಲ್ಲ, ಹೊಳ್ಳತಾನ.”

“ನಾನಽ ಹೇಳಬೇಕಾಗಿತ್ರಿ.”

“ಹೇಳಬೇಕಾಗಿತ್ತು,” ಎಂದು ಒಪ್ಪಿಕೊಂಡರು. ಲಾರಿಯನ್ನು ದಾಟಿ ಮುಂದೆ ಬಂದ ಮೇಲೆ, “ನಂದು ಮುಗದದ. ನಿನ್ನ ಹೆಸರು ಅವರ ಹಾಳಿ ಮ್ಯಾಲ ಇವತ್ತಽ ಮೊದಲನೇ ಸಲ ಬಂತು. ಹಂಗ ಬರೂದು ಬ್ಯಾಡ ಅನಿಸ್ತು. ಮತ್ತ ಇದರ ಮಾತು ತಗೀಬ್ಯಾಡ,” ಎಂದರು. ಸಿಟ್ಟಿನ ಧ್ವನಿಯಲ್ಲ. ದಣಿದವರ ಧ್ವನಿ. ಕ್ಷಮಿಸಿದ್ದಾರೆಯೇ ಎಂದು ತಿಳಿಯಲು ಅವಳು ಅವರ ಮುಖದ ಒಂದು ಬದಿಯನ್ನು ವಡೋದರಾದ ಟೋಲ್ ಬರುವವರೆಗೆ ಕದ್ದು ಕದ್ದು ನೋಡಿದಳು. ರಸ್ತೆ ನೋಡುವವನ ಮುಖದಲ್ಲಿ ಏನು ಸಿಗುತ್ತದೆ?

ಊಟಕ್ಕೆ ಕಮಲಾರವರ ಹೋಟೆಲಿಗೇ ಹೋದರು. ಸುದ್ದಿ ಅವರಿಗಿಂತ ಮೊದಲೇ ತಲುಪಿತ್ತು. ಆರು ತಿಂಗಳು ಸಿಕ್ಕಿದ್ದನ್ನೂ ಅಂಕಿ ತಮ್ಮ ಕೈಯಿಂದ ತಪ್ಪಾದದ್ದನ್ನೂ ಅನುರಾಧಾ ಅದನ್ನು ಹಿಡಿದದ್ದನ್ನೂ ಸರ್ ಮಧ್ಯಾಹ್ನವೇ ಫೋನಿನಲ್ಲಿ ಗಗನಾಗೆ ಹೇಳಿದ್ದರು. ಗಗನಾ ಶೆಡ್ಡಿನಿಂದ ಬಂದು ಕೌಂಟರಿನ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಅನುರಾಧಾಳನ್ನು ಕಂಡೊಡನೆ ಎದ್ದು ಬಂದು ತೋಳು ಹಿಡಿದುಕೊಂಡಳು. “ಅನುದೀದಿ, ಎಕ್ಸ್-ಫೋರ್ ಅದೇ ಬಾಟ್ಲಿದಾ? ಕ್ಯಾ ಬಾತ್ ಹೈ. ನಂಗೇ ಗೊತ್ತಾಗ್ದೇ ನನ್ನ ಹತ್ರ ಮಾಡ್ಸಿದ್ರಿ.”

ಸರ್ ಎಲೆಗೆ ಬಡಿಸಲು ಕಮಲಾ ತಾವೇ ಬಂದರು. “ಅಲ್ಲ ಸರ್, ನಿಮಗೆ ಎಂಥ ಆದದ್ದು? ಈ ವಯಸ್ಸಿಗೆ ರಾತ್ರಿ ನಿದ್ದೆ ಬಿಟ್ಟು ಬಾಟ್ಲಿಗೆ ಬೂಚು ಹಾಕ್ಲಿಕ್ಕೆ ಹೋಗೂದುಂಟಾ? ನಮ್ಮ ಹೋಟ್ಲಲ್ಲಿ ಅಡುಗೆ ಭಟ್ರು ಉಪ್ಪಿನ ಡಬ್ಬದ ಮುಚ್ಚಳ ಸಕ್ರೆಗೆ ಹಾಕಿದ್ರೆ ನಾನು ಸಂಬಳ ಕೊಟ್ಟು ಊರಿಗೆ ಕಳಿಸ್ತೇನೆ.”

“ಕಳಸ್ರಿ ಮತ್ತ,” ಎಂದರು ಸರ್. “ಟಿಕೀಟಿಗೆ ನೀವಽ ಕೊಡ್ರಿ.”

“ನಿಮಗಿಂತ ಈ ಹುಡುಗಿ ಸಾವಿರ ಪಾಲು ವಾಸಿ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡ್ತಾಳೆ. ಅವಳಿಲ್ಲದಿದ್ರೆ ಇವತ್ತು ನಮ್ಮ ಗಗನಾನೂ ಸೇರಿ ಎಲ್ಲರೂ ಮನೇಲಿ.” ಕಮಲಾ ಅನುರಾಧಾಳ ಎಲೆಗೆ ಒಂದು ಸೌಟು ಹೆಚ್ಚಾಗಿಯೇ ಪಾಯಸ ಹಾಕಿದರು. ಪಾಯಸ ಹರಿದು ಪಲ್ಯವನ್ನು ಮುಟ್ಟಿತು. ಸರ್ ನಗುತ್ತಿದ್ದರು, ಹೌದೆಂದು ತಲೆಯಾಡಿಸುತ್ತಿದ್ದರು. ಅಷ್ಟು ಸಲೀಸಾಗಿ ನಗುವುದನ್ನು ಅವರು ಎಲ್ಲಿ ಕಲಿತರೋ ಎಂದು ಅವಳು ನೋಡಿದಳು. ಒಂದೊಂದು ಮಾತಿಗೂ ಅವಳ ಕಿವಿ ಸುಡುತ್ತಿತ್ತು, ಬೈಗುಳಕ್ಕಿಂತ ಹೊಗಳಿಕೆಗೇ ಹೆಚ್ಚು.

“ಲೇಕಿನ್ ದೀದಿ,” ಎಂದಳು ಗಗನಾ, ಹಪ್ಪಳ ಮುರಿಯುತ್ತ, “ಗುರುವಾರ ರಾತ್ ಡ್ಯೂಟಿ ನಿಮ್ದು ಅಲ್ವಾ? ಶುಕ್ರವಾರ ನೀವೇ ಹೇಳಿದ್ರಿ, ರಾತ್ರಿದು ನಂದು ಅಂತ. ಸರ್ ಯಾವಾಗ ಬಂದ್ರು?”

ಕೆಟ್ಟ ಉದ್ದೇಶದಿಂದ ಕೇಳಿದ್ದಲ್ಲ. ಪುಸ್ತಕದಲ್ಲಿ ತಾಳೆಯಾಗದ್ದನ್ನು ಕೇಳುವಂತೆ ಕೇಳಿದ್ದಳು, ಹಾಗೆ ಕೇಳಬೇಕೆಂದು ಅವಳಿಗೆ ಕಲಿಸಿದವಳೇ ಅನುರಾಧಾ. ಕಮಲಾ ಸೌಟು ಹಿಡಿದು ನಿಂತಿದ್ದರು. ಸರ್ ಅನ್ನದಲ್ಲಿ ಗುಂಡಿ ಮಾಡಿ ಸಾರು ಬೀಳುವುದನ್ನು ಕಾಯುತ್ತಿದ್ದರು. ಅವರ ಬೆರಳು ಗುಂಡಿಯ ಅಂಚಿನಲ್ಲಿ ನಿಂತಿತ್ತು. ಅವರು ಉತ್ತರ ಕೊಡುವುದಿಲ್ಲ ಎಂದು ಅವಳಿಗೆ ತಿಳಿಯಿತು. ಇದೊಂದನ್ನು ಅವಳಿಗೇ ಬಿಟ್ಟಿದ್ದರು. ಈಗ ಹೇಳಬಹುದು. ಸಮಿತಿಯಿಲ್ಲ, ಪೆನ್ಸಿಲಿಲ್ಲ, ಇರುವುದು ಮೂರೇ ಜನ, ಅವರಲ್ಲಿ ಒಬ್ಬರಿಗೆ ಆಗಲೇ ಗೊತ್ತು. ಹೇಳಿದರೆ ಎದೆ ಹಗುರಾಗುತ್ತದೆ. ನಾಳೆ ಶೆಡ್ಡಿಗೆ ಗೊತ್ತಾಗುತ್ತದೆ, ನಾಡಿದ್ದು ವಸ್ತ್ರಾಪುರಕ್ಕೆ, ಸರ್ ಸಹಿ ಆಗಲೇ ಹೋಗಿದೆ, ಆಮೇಲೆ ತನ್ನದೂ ಉಳಿಯುವುದಿಲ್ಲ, ಆರು ತಿಂಗಳೂ ಉಳಿಯುವುದಿಲ್ಲ. ಹಗುರಾಗುವುದು ತನ್ನೊಬ್ಬಳ ಎದೆ. ಇದು ನ್ಯಾಯವಾಗಿ ಯೋಚಿಸಿದ್ದೋ, ಭಯವೇ ನ್ಯಾಯದ ಅಂಗಿ ತೊಟ್ಟು ಬಂದದ್ದೋ ಎಂದು ವಿಂಗಡಿಸಲು ಅವಳಿಗೆ ಪುರಸೊತ್ತಿರಲಿಲ್ಲ. ಗಗನಾ ಕಾಯುತ್ತಿದ್ದಳು.

“ಎರಡರ ಸುಮಾರಿಗೆ ಬಂದ್ರು,” ಎಂದಳು ಅನುರಾಧಾ. “ನನಗ ಕಾಲು ಭಾಳ ನೋಯ್ತಿತ್ತು. ನೀ ಮಲಕೋ, ಇದೊಂದು ನಾ ಮಾಡ್ತೀನಿ ಅಂದ್ರು. ನಾ ಒಳಗ ಬೆಂಚಿನ ಮ್ಯಾಲ ಅಡ್ಡಾಗಿದ್ದೆ.” ತನ್ನ ಧ್ವನಿ ಇಷ್ಟು ಸಹಜವಾಗಿ ಇರಬಲ್ಲದು ಎಂದು ಕೇಳಿ ಅವಳಿಗೆ ದಿಗಿಲಾಯಿತು.

“ನೋಡಿ, ಅದು ಕರುಣೆ ಅಂದ್ರೆ,” ಎಂದರು ಕಮಲಾ, ಸರ್ ಅನ್ನಕ್ಕೆ ಸಾರು ಸುರಿಯುತ್ತ. “ಬೈದದ್ದು ವಾಪಸು ತಗೊಂಡೆ ಸರ್.”

“ಅರ್ಧ ತಗೋರಿ ಸಾಕು,” ಎಂದು ಸರ್ ಅನ್ನ ಕಲಸಲು ಶುರುಮಾಡಿದರು. ಅವಳ ಕಡೆ ಒಂದು ಸಲ ನೋಡಬಹುದು ಎಂದು ಅವಳು ಕಾದಳು. ಅವರು ನೋಡಲಿಲ್ಲ, ಹಸಿದಿದ್ದರು, ಮಧ್ಯಾಹ್ನ ಸಮಿತಿಯವರ ಊಟವನ್ನು ಇಬ್ಬರೂ ಮುಟ್ಟಿರಲಿಲ್ಲ. ಗಗನಾ ಅಮ್ಮನೊಂದಿಗೆ ಯಾವುದೋ ಗ್ಯಾಸ್ ಸಿಲಿಂಡರಿನ ವಿಷಯಕ್ಕೆ ಗುಜರಾತಿಯಲ್ಲಿ ಜಗಳ ತೆಗೆದಳು. ಅನುರಾಧಾ ಪಲ್ಯಕ್ಕೆ ತಾಗಿದ ಪಾಯಸವನ್ನೂ ಬಿಡದೆ ತಿಂದಳು. ರಾತ್ರಿ ಫೋನ್ ಮಾಡಿದರೆ ಅಪ್ಪ ಕೇಳುತ್ತಾನೆ, ಏನಾತವಾ ನಿನ್ನ ಮೀಟಿಂಗು ಎಂದು. ಆರು ತಿಂಗಳು ಕೊಟ್ಟಾರ ಎಂದು ಹೇಳಬೇಕು, ಅಷ್ಟೇ ಹೇಳಬೇಕು. ಅಪ್ಪನಿಗೆ ಹೇಳಬಾರದು, ಅವ್ವನಿಗೆ ಹೇಳಬಾರದು, ಗಗನಾ ಇನ್ನು ಹತ್ತು ವರ್ಷ ಬಿಟ್ಟು ಸ್ನೇಹಿತೆಯಾಗಿ ಕೇಳಿದರೂ ಹೇಳಬಾರದು. ಸರ್ ಬಳಿಯೂ, ಅವರಿಗೆ ಎಲ್ಲ ಗೊತ್ತಿದ್ದರೂ, ಒಂದು ಮಾತು ಎತ್ತಬಾರದು, ಉಪಕಾರವಾಯಿತು ಎಂದು ಕೂಡ.